ಕಂಬಳಿ ತೆಗೆದ ಶ್ರುತಿಪೆಟ್ಟಿಗೆ

ಇದೆಲ್ಲ ಹೀಗೆಯೇ ನಡೆಯಿತು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಜರ್ಮನಿಗೆ ಹೋಗಿ ಬಂದದ್ದು ನಿಜ, ಪಾಸ್‌ಪೋರ್ಟಿನಲ್ಲಿ ಮೊಹರು ಇದೆ. ಆದರೆ ಯಾವುದರ ಜಾಡು ಹಿಡಿದು ಅಷ್ಟು ದೂರ ಹೋದೆನೋ ಅದು ಹೊಸದುರ್ಗದ ಒಂದು ರೇಡಿಯೊ ರಿಪೇರಿ ಅಂಗಡಿಯಲ್ಲಿ, ಒಂಬತ್ತು ವರ್ಷ ಮೊದಲು, ಒಂದು ಮಧ್ಯಾಹ್ನ ನಡೆದದ್ದು. ಆ ಮಧ್ಯಾಹ್ನ ನನ್ನ ನೆನಪಿನಲ್ಲಿ ಎರಡು ಬಗೆಯಲ್ಲಿದೆ. ಒಂದರಲ್ಲಿ ಅಂಗಡಿಯ ಓಂಕಾರಪ್ಪ ತನ್ನ ಶ್ರುತಿಪೆಟ್ಟಿಗೆಯ ಬೆನ್ನು ತಟ್ಟಿ ನಗುತ್ತಾನೆ. ಇನ್ನೊಂದರಲ್ಲಿ ನನ್ನ ಕಡೆ ತಿರುಗಿ ಏನನ್ನೋ ಹೇಳುತ್ತಾನೆ. ತುಟಿ ಅಲ್ಲಾಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಬಹಳ ವರ್ಷ ನಾನು ಮೊದಲನೆಯದನ್ನೇ ನಂಬಿಕೊಂಡಿದ್ದೆ. ಯಾಕೆಂದರೆ ಅದು ಅನುಕೂಲವಾಗಿತ್ತು.

ಚಿತ್ರದುರ್ಗ

ಮಾರ್ಟಿನ್ ಸಿಕ್ಕಿದ್ದು ತೊಂಬತ್ತೇಳರಲ್ಲಿ, ಕೋಟೆಯೊಳಗೆ. ನಾನಾಗ ಇಲ್ಲಿನ ಕಾಲೇಜೊಂದಕ್ಕೆ ಭೌತಶಾಸ್ತ್ರ ಹೇಳಲು ಹೊಸದಾಗಿ ಸೇರಿದ್ದೆ. ಮೂರು ವರ್ಷದಲ್ಲಿ ಅದು ನನ್ನ ನಾಲ್ಕನೆಯ ಕೆಲಸ. ಹುಡುಗರನ್ನು ಕರೆದುಕೊಂಡು ಕೋಟೆ ಹತ್ತಿದ್ದಾಗ ಕಾವಲಿನವನೊಬ್ಬ ಓಡಿ ಬಂದ. "ಸಾ, ಇಂಗ್ಲಿಷ್ ಬರ್ತತಲ್ಲ ನಿಮಗೆ? ಅಲ್ಲೊಬ್ಬ ಬಿಳಿಯ, ಕಲ್ಲು ಮಾತಾಡೋದು ಕೇಳ್ತೀನಿ ಅಂತ ಕುಂತವ್ನೆ. ತಲೆ ಗಿಲೆ ಕೆಟ್ಟೈತೇನೋ ನೋಡ್ರಿ."

ಹೋಗಿ ನೋಡಿದರೆ ಐವತ್ತರ ಆಸುಪಾಸಿನ ಉದ್ದನೆಯ ಮನುಷ್ಯ ಎರಡು ಬಂಡೆಗಳ ಸಂದಿಗೆ ಮೈಕು ಇಳಿಬಿಟ್ಟು ಕಣ್ಣು ಮುಚ್ಚಿ ಕೂತಿದ್ದ. ಆಷಾಢದ ಗಾಳಿಯನ್ನು ಟೇಪಿಗೆ ಹಿಡಿಯುತ್ತಿದ್ದಾನಂತೆ. ಲಾಡ್ಜಿನಲ್ಲಿ ಅವನದೊಂದು ಸೂಟ್‌ಕೇಸು ಇತ್ತು. ತೆರೆದರೆ ಬಟ್ಟೆಯಿಲ್ಲ, ತುಂಬಾ ತಿರುಗಣೆಗಳು, ಬಣ್ಣದ ವೈರುಗಳು. ಅನಲಾಗ್ ಸಿಂಥಸೈಜರ್ ಎಂದ. ವಿದ್ಯುತ್ತನ್ನು ಏರಿಸಿ ಇಳಿಸಿ ಅದನ್ನೇ ನೇರವಾಗಿ ಸ್ವರ ಮಾಡುವ ಯಂತ್ರ. ಅದರಿಂದ ಅವನು ತಾಳವಿಲ್ಲದ, ಹಾಡಿಲ್ಲದ, ಹೊಗೆಯ ಹಾಗೆ ಕೋಣೆ ತುಂಬುವ ಸಂಗೀತ ಮಾಡುತ್ತಿದ್ದ. ಅವರಲ್ಲಿ ಅದಕ್ಕೆ ಆಂಬಿಯೆಂಟ್ ಎನ್ನುತ್ತಾರೆ.

ಆ ಸೂಟ್‌ಕೇಸು ನೋಡಿದಾಗ ನನಗೆ ನೆನಪಾದವನು ಓಂಕಾರಪ್ಪ, ಹಿಂದಿನ ಕೆಲಸದ ಕಾಲದಿಂದ ಗೊತ್ತಿದ್ದವನು. ಹೊಸದುರ್ಗದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ, ಬಿಡುವಿನಲ್ಲಿ ಭಜನೆ ಮಂಡಳಿಗಳಿಗೆ, ನಾಟಕದವರಿಗೆ ಶ್ರುತಿಪೆಟ್ಟಿಗೆ ಮಾಡಿಕೊಡುತ್ತಿದ್ದ. ತಾನು ಇಟ್ಟುಕೊಂಡಿದ್ದ ದೊಡ್ಡ ಪೆಟ್ಟಿಗೆಯಲ್ಲಿ ಹನ್ನೆರಡು ಸರ್ಕ್ಯೂಟು, ಹಳೆಯ ರೇಡಿಯೊಗಳಿಂದ ಬಿಚ್ಚಿದ ಹನ್ನೆರಡು ತಿರುಗಣೆ. ಇಬ್ಬರನ್ನೂ ಎದುರು ಬದುರು ಕೂರಿಸಿದೆ. ಮಾತು ಬೇಕಾಗಲಿಲ್ಲ. ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರು ತಿರುವಿ ಹಾಕಿ ಹೊಟ್ಟೆ ನೋಡಿದರು.

"ಇವನ ಬೆಸುಗೆ ಚೆಂದ ಐತೆ ಮೇಷ್ಟ್ರೇ," ಎಂದ ಓಂಕಾರಪ್ಪ. "ಆದ್ರೆ ವೈರು ದಂಡ ಮಾಡ್ಯಾನೆ. ನಂಗ್ ಕೊಟ್ಟಿದ್ರೆ ಇಷ್ಟ್ರಾಗೆ ಮೂರು ಪೆಟ್ಟಿಗೆ ಮಾಡ್ತಿದ್ದೆ."

ಮಾರ್ಟಿನ್ ಒಂಬತ್ತು ದಿನ ಹೊಸದುರ್ಗದಲ್ಲಿ ಉಳಿದ. ಕರೆಂಟು ನೆಚ್ಚಿಕೊಳ್ಳುವಂತಿರಲಿಲ್ಲ, ಲಾರಿ ಬ್ಯಾಟರಿಯ ಮೇಲೆ ಎರಡೂ ಯಂತ್ರ ಓಡಿದವು. ಓಂಕಾರಪ್ಪನದೊಂದು ಕ್ರಮವಿತ್ತು. ಪೆಟ್ಟಿಗೆ ಹಚ್ಚಿದ ಕೂಡಲೇ ನುಡಿಸುತ್ತಿರಲಿಲ್ಲ. ಕರಿ ಕಂಬಳಿ ಹೊದಿಸಿ ಒಂದು ತಾಸು ಬಿಡುತ್ತಿದ್ದ. ಆಮೇಲೆ ಕಂಬಳಿಯೊಳಗೆ ಕೈ ತೂರಿಸಿ, ಕಣ್ಣಿನಿಂದ ನೋಡದೆ, ತಿರುಗಣೆ ತಿರುಗಿಸಿ ಶ್ರುತಿ ಹಿಡಿಯುತ್ತಿದ್ದ, ನುಡಿಸಿ ಮುಗಿಯುವವರೆಗೂ ಕಂಬಳಿ ತೆಗೆಯುತ್ತಿರಲಿಲ್ಲ. "ಸ್ವರ ಅಂಬೋದು ಕೋಳಿಮೊಟ್ಟೆ ಇದ್ದಂಗೆ. ಕಾವು ಆರಬಾರ್ದು." ಅದು ಶುದ್ಧ ಭೌತಶಾಸ್ತ್ರ, ಆ ಸರ್ಕ್ಯೂಟುಗಳು ತಣ್ಣಗಾದರೆ ಸ್ವರ ಜಾರುತ್ತದೆ. ಅವನಿಗದು ಪುಸ್ತಕದಿಂದ ಬಂದದ್ದಲ್ಲ. ಕೊನೆಯ ದಿನ ಮಧ್ಯಾಹ್ನ ಅಂಗಡಿಯಲ್ಲೇ ಮಾರ್ಟಿನ್ ಎರಡೂ ಯಂತ್ರಗಳ ನುಡಿಸಾಣಿಕೆಯನ್ನು ಟೇಪಿಗೆ ಹಿಡಿದ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಸಲು ನಡುವೆ ನಾನಿದ್ದೆ.

ಹೊಳಲ್ಕೆರೆ

ಓಂಕಾರಪ್ಪ ಎರಡು ಸಾವಿರದ ಮೂರರಲ್ಲಿ ಕಾಮಾಲೆಯಿಂದ ಹೋದ. ಮಣ್ಣಿಗೆ ಹೋಗಿದ್ದಾಗ ಅವನ ಹೆಂಡತಿ ಶಾರದಮ್ಮ ಏನೂ ಮಾತಾಡದೆ ಕೂತಿದ್ದರು. ಆ ಮೌನ ತಡೆಯಲಾರದೆ ನಾನೊಂದು ಮಾತು ಹೇಳಿಬಿಟ್ಟೆ: "ಓಂಕಾರಣ್ಣನ ಸಂಗೀತ ಜರ್ಮನಿಯಲ್ಲಿ ರೆಕಾರ್ಡಾಗಿ ಬಂದಿದೆ ಶಾರದಮ್ಮ. ಅವನ ಕೈಯ ಸದ್ದು ಎಲ್ಲಿಗೂ ಹೋಗಿಲ್ಲ." ನನ್ನ ಹತ್ತಿರ ಕಾಗದವಿರಲಿಲ್ಲ, ಸುದ್ದಿ ಇರಲಿಲ್ಲ. ದೇವರು, ಸ್ವರ್ಗ ಯಾವುದನ್ನೂ ಪುರಾವೆಯಿಲ್ಲದೆ ಒಪ್ಪದ ಮನುಷ್ಯ ನಾನು, ಅವತ್ತು ಪುರಾವೆಯಿಲ್ಲದ ಒಂದು ಮಾತನ್ನು ಕಲ್ಲಿನಂತೆ ಇಟ್ಟು ಎದ್ದು ಬಂದೆ.

ಅವರು ಅದನ್ನು ನಂಬಿದರು. ಅಂಗಡಿ ಖಾಲಿ ಮಾಡಿಸುವಾಗ ಪೆಟ್ಟಿಗೆಗಳೆಲ್ಲ ಗುಜರಿಗೆ ಹೋದವು. ಊರಿಗೆಲ್ಲ ಟೇಪ್‌ರೆಕಾರ್ಡರ್ ರಿಪೇರಿ ಮಾಡಿದವನ ಧ್ವನಿ ಒಂದು ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಶಾರದಮ್ಮ ತವರೂರು ಹೊಳಲ್ಕೆರೆಗೆ ಬಂದು ಅಂಗನವಾಡಿಯಲ್ಲಿ ಕೆಲಸಕ್ಕೆ ನಿಂತರು.

ಎರಡು ಸಾವಿರದ ಆರರಲ್ಲಿ ಮಾರ್ಟಿನ್‌ನಿಂದ ಕಾಗದ ಬಂತು: ಇಬ್ಬರ ಹೆಸರಿನಲ್ಲೂ ರೆಕಾರ್ಡು ಕೊನೆಗೂ ಹೊರಬಂದಿದೆ. ನಾನು ಹೇಳಿದ ಸುಳ್ಳು ಮೂರು ವರ್ಷ ತಡವಾಗಿ ನಿಜವಾಗಿತ್ತು. ಅದೇ ವರ್ಷ ವಿಜ್ಞಾನ ಶಿಕ್ಷಕರ ಶಿಬಿರವೊಂದಕ್ಕೆ ಜರ್ಮನಿಗೆ ಹೋಗುವ ಅವಕಾಶವೂ ಬಂತು. ಹೋಗುವ ಮುಂಚೆ ಹೊಳಲ್ಕೆರೆಗೆ ಹೋದೆ.

"ಕುಂತ್ಕಳ್ರಿ ಮೇಷ್ಟ್ರೇ," ಎಂದು ಚಾಪೆ ಹಾಸಿದರು. "ಮೂರು ವರ್ಷದಿಂದ ಎಲ್ರಿಗೂ ಹೇಳ್ಕಂಡು ಬಂದೀನಿ. ಈಗ ನಮ್ಮ ಭಜನೆಯೋರೇ ನಗ್ತಾರೆ. ಶಾರದಕ್ಕನ ಗಂಡ ಫಾರಿನ್ನಾಗೆ ನುಡಿಸ್ತಾನಂತೆ, ಇಲ್ಲೀಗಂಟ ಕೇಳ್ಸಲ್ಲ ಅಂತ. ನೀವು ಕಿವಿಯಾರೆ ಕೇಳ್ಕಂಡು ಬರ್ರಿ. ಅದ್ರಾಗೆ ಅವರ ಕೈ ಐತೋ ಇಲ್ವೋ, ಅಷ್ಟು ಹೇಳ್ರಿ ಸಾಕು. ಇಲ್ಲ ಅಂದ್ರೆ ಇಲ್ಲ ಅನ್ರಿ."

ಒಳಗೆ ಹೋಗಿ ಕಂಬಳಿ ತಂದು ಮುಂದಿಟ್ಟರು. "ಇದನ್ನ ಆ ಮಾರ್ಟಿನ್ನಪ್ಪಂಗೆ ಕೊಡ್ರಿ. ಪೆಟ್ಟಿಗೆಗೆ ಹೊದಿಸ್ತಿದ್ದದ್ದು ಇದೇಯ."

"ನಿಮಗೆ ಬೇಡವೇ?"

"ಪೆಟ್ಟಿಗೇನೇ ಇಲ್ಲ. ನಾನೇನಕ್ಕೆ ಹೊದಿಸ್ಲಿ?"

ಹಿರಿಯೂರು

ಕಂಬಳಿ ಸೂಟ್‌ಕೇಸಿನಲ್ಲಿ ಹಿಡಿಸಲಿಲ್ಲ. ಸುತ್ತಿ ಹಗ್ಗ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡು ಬೆಂಗಳೂರು ಬಸ್ಸು ಹತ್ತಿದೆ. ಹಿರಿಯೂರಿನಲ್ಲಿ ಬಸ್ಸು ಕಾಫಿಗೆ ನಿಂತಿತು. ಪಕ್ಕದ ಸೀಟಿನ ಹಿರಿಯರು, ಆದಿವಾಲದವರಂತೆ, ಆವರೆಗೆ ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟರು.

"ಏನಪ್ಪ, ಪ್ಯಾಂಟು ಶರ್ಟು ಹಾಕ್ಕಂಡು ಕುರಿ ಕಾಯಾಕೆ ಹೊಂಟೀಯೇನು?"

"ಜರ್ಮನಿಗೆ ಹೋಗ್ತಿದ್ದೀನಿ."

"ಅಲ್ಲೂ ಕುರಿ ಅವೇನು?"

"ಇರಬೇಕು."

"ಇದ್ರೆ ಅವರೇ ಕಂಬಳಿ ನೇಯ್ಕಂತಾರಪ್ಪ. ಹೊತ್ಕಂಡು ಹೋಗ್ತೀಯಲ್ಲ, ಓದಿದೋನು ನೀನು!"

ಸುತ್ತಲಿನವರು ನಕ್ಕರು, ನಾನೂ ನಕ್ಕೆ. ಬಸ್ಸು ಮತ್ತೆ ಹೊರಟಾಗ ಕಂಬಳಿಯ ಬಿಸಿ ತೊಡೆಗೆ ಹತ್ತುತ್ತಿತ್ತು. ಆಗ ಮೊದಲ ಬಾರಿ ಒಂದು ಪ್ರಶ್ನೆ ಬಂತು: ಆ ಕೊನೆಯ ದಿನ ರೆಕಾರ್ಡು ಮಾಡುವಾಗ ಪೆಟ್ಟಿಗೆಯ ಮೇಲೆ ಈ ಕಂಬಳಿ ಇತ್ತೇ? ಓಂಕಾರಪ್ಪನ ಬೆರಳುಗಳು ತಿರುಗಣೆಯ ಮೇಲಿರುವ ಚಿತ್ರ ನನ್ನ ಕಣ್ಣ ಮುಂದಿದೆ. ಕಂಬಳಿ ಇದ್ದಿದ್ದರೆ ಬೆರಳು ಕಾಣುವುದು ಹೇಗೆ?

ಫ್ರಾಂಕ್‌ಫರ್ಟಿನಿಂದ ಮುಂದೆ

ಶಿಬಿರ ಮುಗಿದ ಮೇಲೆ ಎರಡು ದಿನ ಉಳಿದಿದ್ದವು. ಮಾರ್ಟಿನ್ ಊರಿಗೆ ಮೂರು ರೈಲು ಬದಲಿಸಬೇಕಿತ್ತು. ಆ ರೈಲುಗಳಲ್ಲಿ ಜನ ಇದ್ದಾರೆಯೋ ಇಲ್ಲವೋ ತಿಳಿಯುವುದಿಲ್ಲ. ನಮ್ಮ ಬಸ್ಸಿನಲ್ಲಿ ಹೊಳಲ್ಕೆರೆ ದಾಟುವುದರೊಳಗೆ ಪಕ್ಕದವರ ಮಗಳ ಮದುವೆ ಎಲ್ಲಿ ನಿಂತಿದೆ ಎಂಬುದು ಗೊತ್ತಾಗಿರುತ್ತದೆ. ಅಲ್ಲಿ ಎದುರಿಗೆ ಕೂತ ವೃದ್ಧೆ ನನ್ನನ್ನು ನೋಡಲಿಲ್ಲ, ಕಿಟಕಿಯನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಮೂಗು ಅರಳಿಸಿದಳು. ಕಂಬಳಿ. ನಾನು ನಾಚಿ ಅದನ್ನು ಕಾಲ ಕೆಳಗೆ ತಳ್ಳಿದೆ. ಆಕೆ ಮುಂದಕ್ಕೆ ಬಾಗಿ, ಯಾರಿಗೂ ಕೇಳದಷ್ಟು ಮೆತ್ತಗೆ, "ಬ್ಯಾ?" ಎಂದಳು. ಹೌದೆಂದು ತಲೆ ಆಡಿಸಿದೆ. ಕೈ ಚಾಚಿ ಮುಟ್ಟಿ ನೋಡಿ, ಕಣ್ಣು ಮುಚ್ಚಿ, ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಇಳಿಯುವವರೆಗೂ ಆ ಕಂಬಳಿಯ ಅಂಚು ಅವಳ ಕೈಯಲ್ಲೇ ಇತ್ತು.

ಆ ಸಂಭ್ರಮದಲ್ಲಿ ನಾನು ಒಂದು ನಿಲ್ದಾಣ ಮೊದಲೇ ಇಳಿದುಬಿಟ್ಟೆ. ಗೋಧಿ ಹೊಲಗಳ ನಡುವೆ ನಡೆದುಕೊಂಡು ಹೋದೆ. ದಿಬ್ಬದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ನಮ್ಮ ಜೋಗಿಮಟ್ಟಿಯ ಮೇಲೆ ತಿರುಗುವಂಥವೇ. ದಾರಿಯಲ್ಲಿ ಒಬ್ಬ ಮನುಷ್ಯ ಖಾಲಿ ರಸ್ತೆ ದಾಟಲು ಕೆಂಪು ದೀಪದ ಎದುರು ನಿಂತಿದ್ದ. ಎರಡೂ ಕಡೆ ಒಂದು ವಾಹನವಿಲ್ಲ. ನಾನು ದಾಟಿದೆ. ಅವನು ನಿಂತಲ್ಲೇ ನಿಂತು ನನ್ನನ್ನು ನೋಡಿದ. ಯಾರೂ ನೋಡದಾಗಲೂ ಹೇಳಿದ್ದನ್ನು ಹೇಳಿದಂತೆ ಮಾಡುವ ಜನ. ಆಗ ಅದು ನನಗೆ ನಗೆಯ ವಿಷಯವಾಗಿತ್ತು.

ಮಾರ್ಟಿನ್ ಮನೆ

ಮಾರ್ಟಿನ್ ಮುದುಕನಾಗಿದ್ದ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದ, ನಮ್ಮ ಮನೆಯ ಹಾಗೆ. ಓಂಕಾರಪ್ಪ ತೀರಿದ್ದನ್ನು ನಾನು ಬರೆದಿದ್ದೆ. ಮತ್ತೆ ಕೇಳಿದ, ಮತ್ತೆ ಹೇಳಿದೆ. ಕಂಬಳಿ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡ.

ರೆಕಾರ್ಡು ಕೇಳುವುದು ಅವನಿಗೆ ಪೂಜೆಗೆ ಕೂತಂತೆ. ಕಾಫಿ ಆಮೇಲೆ. ಫೋನಿನ ವೈರು ಕಿತ್ತಿಟ್ಟ. ಎರಡು ಕುರ್ಚಿ ಅಳೆದು ಹಾಕಿದ. "ಮುಗಿಯುವವರೆಗೆ ಮಾತಿಲ್ಲ," ಎಂದ. ಕಪ್ಪು ತಟ್ಟೆಯ ಮೇಲೆ ಮುಳ್ಳು ಇಳಿಯಿತು.

ಮೊದಲ ಮುಖ ಪೂರ್ತಿ ಅವನ ಯಂತ್ರ ಮತ್ತು ನಮ್ಮ ಕೋಟೆಯ ಗಾಳಿ. ಹಂಡೆಯಲ್ಲಿ ನೀರು ಕಾಯುವಾಗ ಕುದಿಗೆ ಮುಂಚೆ ಬರುವ ಗುಂಯ್‌ ಸದ್ದಿದೆಯಲ್ಲ, ಅಂಥದ್ದು. ಅದು ಹಿಗ್ಗುತ್ತದೆ, ಕುಗ್ಗುತ್ತದೆ, ಎಲ್ಲಿಗೂ ಹೋಗುವುದಿಲ್ಲ. ನಿಜ ಹೇಳಬೇಕೆಂದರೆ ನನಗೇನೂ ಆಗಲಿಲ್ಲ. ಅದೇ ಗಾಳಿ ಚಿತ್ರದುರ್ಗದಲ್ಲಿ ಪುಕ್ಕಟೆ ಬೀಸುತ್ತದೆ ಎಂದುಕೊಂಡೆ.

ಎರಡನೆಯ ಮುಖ ಹಾಕಿದ. ಷಡ್ಜ ಎದ್ದಿತು. ಅದರ ಮೇಲೆ ಪಂಚಮ ಕೂತಿತು. ಮಾರ್ಟಿನ್ ಯಂತ್ರ ದೂರದಲ್ಲೆಲ್ಲೋ ಮಂಜಿನಂತೆ ನಿಂತಿತ್ತು. ಹೊಸದುರ್ಗದ ಭಜನೆ ಮನೆಯ ಬಾಗಿಲು ಯಾರೋ ತೆಗೆದಂತಾಯಿತು. ಶಾರದಮ್ಮನಿಗೆ ಉತ್ತರ ಸಿಕ್ಕಿತ್ತು: ಐತೆ, ಕೈ ಐತೆ.

ಆ ಸಂತೋಷ ಕೆಲವು ನಿಮಿಷ ಬಾಳಿತು. ಆಮೇಲೆ ಷಡ್ಜ ಇಳಿಯತೊಡಗಿತು. ಕೂದಲೆಳೆಯಷ್ಟು, ಮತ್ತಷ್ಟು. ಪಂಚಮ ಇಳಿದದ್ದು ಅಷ್ಟಲ್ಲ. ಎರಡರ ನಡುವೆ ಬಿರುಕು ಬಿಟ್ಟು ಅದರೊಳಗೆ ಒಂದು ಮಿಡಿತ ಹುಟ್ಟಿತು, ಏದುಸಿರಿನಂತೆ. ಮುಗಿಯುವ ಹೊತ್ತಿಗೆ ಹನ್ನೆರಡು ಸ್ವರಗಳೂ ಒಂದೊಂದು ದಿಕ್ಕಿಗೆ ಜಾರಿ, ಇಡೀ ಪೆಟ್ಟಿಗೆ ನಿಧಾನವಾಗಿ ಮುಳುಗಿತು. ಮುಳ್ಳು ಎದ್ದಿತು.

"ಇದರ ಬಗ್ಗೆಯೇ ಎಲ್ಲರೂ ಬರೆದಿದ್ದಾರೆ," ಎಂದ ಮಾರ್ಟಿನ್. ಅವನ ಕಣ್ಣು ಒದ್ದೆಯಾಗಿತ್ತು. "ಆ ಇಳಿತ. ನನ್ನ ಜೀವಮಾನದಲ್ಲಿ ನಾನು ಅಂಥದ್ದು ಮಾಡಿಲ್ಲ."

"ಕಂಬಳಿ ತೆಗೆದವರು ಯಾರು?" ಎಂದೆ.

"ನಾನೇ. ಧೂಳಿಗೆ ಹೊದಿಸಿದ್ದಾನೆ ಎಂದುಕೊಂಡಿದ್ದೆ. ಅವನ ಕೈ ನೋಡಬೇಕೆನಿಸಿತು. ಶುರುವಾಗಿಬಿಟ್ಟಿತ್ತು, ಅವನು ನಿಲ್ಲಿಸಲಿಲ್ಲ."

ಹೌದು. ಟೇಪು ಓಡುತ್ತಿದ್ದಾಗ ಅತಿಥಿಯನ್ನು ಕೈ ಎತ್ತಿ ನಿಲ್ಲಿಸುವ ಪೈಕಿಯಲ್ಲ ಓಂಕಾರಪ್ಪ. ಕಿಟಕಿ ತೆರೆದಿತ್ತು, ಆಷಾಢದ ಗಾಳಿ. ಕಾವು ಆರುತ್ತಿದ್ದ ಹನ್ನೆರಡು ಸರ್ಕ್ಯೂಟುಗಳನ್ನು ಹಿಂದಕ್ಕೆಳೆಯಲು ಅವನು ಅಷ್ಟೂ ಹೊತ್ತು ಹೆಣಗಿದ್ದ. ಲೋಕ ಕಣ್ಣು ಒದ್ದೆ ಮಾಡಿಕೊಂಡು ಕೇಳುತ್ತಿದ್ದದ್ದು ಒಬ್ಬ ಕಸುಬುದಾರ ಸೋಲುವ ಸದ್ದು. ಆಗ, ಆ ಕುರ್ಚಿಯಲ್ಲಿ, ನನ್ನ ಎರಡನೆಯ ನೆನಪಿಗೆ ಮಾತು ಬಂತು. ಅವನು ನನ್ನ ಕಡೆ ತಿರುಗಿ ಹೇಳಿದ್ದು: ಅಳಿಸಾಕೆ ಹೇಳ್ರಿ.

"ಅವನು ಇದು ಬೇಡ ಎಂದಿದ್ದ," ಎಂದೆ.

ಮಾರ್ಟಿನ್ ನನ್ನನ್ನೇ ನೋಡಿದ. "ನೀನು ಹಾಗೆ ಹೇಳಲಿಲ್ಲ. ಅವನಿಗೆ ಇಷ್ಟವಾಗಿದೆ ಎಂದು ಹೇಳಿದೆ."

"ಸಾಧ್ಯವಿಲ್ಲ. ನಾನು ಹೇಳಿರುತ್ತೇನೆ. ನಿನಗೆ ಮರೆತಿದೆ."

ಅವನು ವಾದಿಸಲಿಲ್ಲ. ನುಡಿಸುವುದು ನಿಂತ ಮೇಲೂ ಟೇಪು ತಾನೇ ಮುಗಿಯುವವರೆಗೆ ಓಡಲಿ ಎಂದು ಬಿಡುವುದು ಅವನ ಅಭ್ಯಾಸವಂತೆ. ಮೂಲ ಟೇಪು ಬೇರೆ ಊರಿನಲ್ಲಿ ಸ್ನೇಹಿತನ ಬಳಿ ಇದೆ, ನಕಲು ಮಾಡಿ ಕಳಿಸುತ್ತೇನೆ ಎಂದ. ಆಮೇಲೆ ಕಾಫಿ ಮಾಡಿದ. ಇಬ್ಬರೂ ಕುಡಿಯಲಿಲ್ಲ.

ಮತ್ತೆ ಹೊಳಲ್ಕೆರೆ

ಮಾರ್ಟಿನ್ ಕೊಟ್ಟ, ಅದೇ ರೆಕಾರ್ಡಿನ ಸಿ.ಡಿ.ಯನ್ನು ಶಾರದಮ್ಮನ ತಮ್ಮನ ಮನೆಯ ಟಿ.ವಿ.ಗೆ ಜೋಡಿಸಿದ ಪ್ಲೇಯರಿನಲ್ಲಿ ಹಾಕಿದೆವು. ಭಜನೆಯ ನಾಲ್ಕು ಹೆಂಗಸರೂ ಬಂದಿದ್ದರು. ಷಡ್ಜ ಎದ್ದ ಕೂಡಲೇ ಶಾರದಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. "ಅವರದೇ," ಎಂದರು. "ಅವರದೇಯ ಕಣ್ರೇ." ಒಬ್ಬಾಕೆ ಕೈ ಮುಗಿದಳು.

ಸ್ವಲ್ಪ ಹೊತ್ತಿನಲ್ಲಿ ಅವರ ಹುಬ್ಬು ಕೂಡಿತು. ಹದಿನೈದು ವರ್ಷ ಆ ಪೆಟ್ಟಿಗೆಯ ಶ್ರುತಿಗೆ ಹಾಡಿ ಪಳಗಿದ ಕಿವಿ.

"ಇಳೀತೈತಲ್ಲ ಮೇಷ್ಟ್ರೇ."

ನಾನು ಟಿ.ವಿ.ಯ ಸದ್ದು ತಗ್ಗಿಸಿದೆ.

"ಅವರು ಹಿಂಗೆ ಬಿಡೋರಲ್ಲ. ಮಂಡಳಿಯೋರು ಸರಿ ಐತೆ ಅಂದ್ರೂ ಬಿಚ್ಚಿ ಕೂರೋರು. ಇದನ್ನ ಒಪ್ಪಿದ್ರಾ ಅವರು?"

"ನೆನಪಿಲ್ಲ ಶಾರದಮ್ಮ."

"ನೀವೇ ಅಲ್ವಾ ನಡುವೆ ಇದ್ದೋರು?"

"ಹೌದು. ನೆನಪಿಲ್ಲ."

ಎದ್ದು ಟಿ.ವಿ. ಆರಿಸಿದರು. ಹೆಂಗಸರು ಕುಂಕುಮ ತೆಗೆದುಕೊಂಡು ಹೋದರು. ಅವತ್ತಿನಿಂದ ಅವರು ಆ ರೆಕಾರ್ಡಿನ ಮಾತು ಯಾರ ಹತ್ತಿರವೂ ಎತ್ತಲಿಲ್ಲವೆಂದು ಅವರ ತಮ್ಮ ಆಮೇಲೆ ಹೇಳಿದ.

ದೀಪಾವಳಿ ಕಳೆದ ಮೇಲೆ ಟೇಪು ಬಂತು. ಜೊತೆಗೆ ಚೀಟಿ: "ಅವನು ಏನು ಹೇಳುತ್ತಾನೆ ನನಗೆ ತಿಳಿಯದು. ನೀನೇ ಹೇಳಬೇಕು." ಒಬ್ಬನೇ ಕೂತು ಕೇಳಿದೆ. ಎರಡು ವಾರ ಅದನ್ನು ಬೀರುವಿನಲ್ಲಿ ಇಟ್ಟೆ. ಶಾರದಮ್ಮನ ಗಂಡನ ಧ್ವನಿ ಇರುವ, ಭೂಮಿಯ ಮೇಲಿನ ಒಂದೇ ವಸ್ತು ಅದು. ಬಚ್ಚಿಡುವ ಹಕ್ಕು ನನಗಿರಲಿಲ್ಲ. ತೆಗೆದುಕೊಂಡು ಹೋದೆ.

ಅಂಗನವಾಡಿಯ ಮಕ್ಕಳು ಮನೆಗೆ ಹೋಗಿದ್ದರು. ಕೋಣೆಯಲ್ಲಿ ನಾವಿಬ್ಬರೇ. ಇಳಿದು ಇಳಿದು ಪೆಟ್ಟಿಗೆ ನಿಂತಿತು. ಹೊರಗೆ ಯಾವುದೋ ಲಾರಿಯ ಹಾರ್ನು. ಆಮೇಲೆ ಓಂಕಾರಪ್ಪ, ಪಕ್ಕದಲ್ಲೇ ಕೂತವನ ಹಾಗೆ:

"ಇದು ಬ್ಯಾಡ ಮೇಷ್ಟ್ರೇ, ಅಳಿಸಾಕೆ ಹೇಳ್ರಿ ಅವರಿಗೆ. ಕಾವು ಹೋತು, ಶ್ರುತಿ ಜಾರೈತೆ. ಇನ್ನೊಂದು ಸಲ ಮಾಡಾಣ. ನನ್ ಹೆಸ್ರಲ್ಲಿ ಇದು ಹೋಗಾದು ಬ್ಯಾಡ."

ಲಾರಿ ಹೋದ ಮೇಲಿನ ನಿಶ್ಶಬ್ದ. ಆಮೇಲೆ ನನ್ನ ಧ್ವನಿ, ಇಂಗ್ಲಿಷಿನಲ್ಲಿ, ಎಳೆಯ ಉತ್ಸಾಹದ ಧ್ವನಿ: ತುಂಬಾ ಚೆನ್ನಾಗಿ ಬಂದಿದೆ ಅನ್ನುತ್ತಿದ್ದಾನೆ, ಅವನಿಗೆ ಸಂತೋಷವಾಗಿದೆ.

ಶಾರದಮ್ಮ ಗಂಡನ ಮಾತನ್ನು ಮತ್ತೆ ಹಾಕಿಸಿದರು. ಮತ್ತೆ. ಐದಾರು ಸಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೊನೆಗೆ ಕೇಳಿದರು, "ಅದಾದ ಮೇಲೆ ನೀವು ಆ ಮಾರ್ಟಿನ್ನಪ್ಪಂಗೆ ಏನಂದ್ರಿ?"

ಹೇಳಿದೆ. ಇದ್ದದ್ದು ಇದ್ದಂತೆ ಹೇಳಿದೆ. ಯಾಕೆ ಹಾಗೆ ಮಾಡಿದೆ ಎಂಬುದನ್ನೂ ಹೇಳಲು ನೋಡಿದೆ. ನನಗೆ ಆ ಜಾರುವ ಸದ್ದು ಇಷ್ಟವಾಗಿತ್ತು. ಇನ್ನೊಂದು ಸಲ ನುಡಿಸಿದರೆ ಭಜನೆ ಮನೆಯ ನೆಟ್ಟಗಿನ ಸ ಪ ಬರುತ್ತದೆ, ಮಾರ್ಟಿನ್ ಆಸಕ್ತಿ ಆರಿಹೋಗುತ್ತದೆ ಎಂದು ಹೆದರಿದೆ. ಈ ಜಿಲ್ಲೆಯಿಂದ ಒಂದಾದರೂ ಹೊರಗೆ ಹೋಗಲಿ, ಅದು ನನ್ನ ಕೈಯಿಂದ ಹೋಗಲಿ ಅನಿಸಿತ್ತು. ಇಷ್ಟೂ ನಿಜವೋ, ಈಗ ಹೊಂದಿಸಿಕೊಂಡದ್ದೋ ನನಗೆ ತಿಳಿಯದು.

ಅವರು ಅಷ್ಟನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಟೇಪ್‌ರೆಕಾರ್ಡರಿನ ಮೇಲೆ ಕೈ ಇಟ್ಟುಕೊಂಡೇ ಅಂದರು, "ಬಿಡ್ರಿ ಮೇಷ್ಟ್ರೇ. ಅವಂಗೆ ಎರಡು ಗಂಟೆ ಬಸ್ಸಿತ್ತು, ನಾನೇ ರೊಟ್ಟಿ ಕಟ್ಟಿ ಕೊಟ್ಟಿದ್ದೆ. ಗಡಿಬಿಡ್ಯಾಗೆ ಏನೋ ಅಂದ್ಬಿಟ್ಟಿರ್ತೀರಿ. ಯೋಚ್ನೆ ಮಾಡಾಕೆ ಹೊತ್ತಾದ್ರೂ ಎಲ್ಲಿತ್ತು?"

ಆ ಮಾತು ಹಿಡಿದುಕೊಂಡು ದುರ್ಗಕ್ಕೆ ಬಂದೆ. ಗಡಿಬಿಡಿ ಎಂಬುದನ್ನು ನಂಬಲು ನನಗೂ ಆಸೆಯಿತ್ತು. ಟೇಪಿನ ನಕಲೊಂದು ನನ್ನಲ್ಲಿತ್ತು. ಮಾರನೆಯ ದಿನ ಕಾಲೇಜಿನ ಪ್ರಯೋಗಾಲಯದಿಂದ, ಲೋಲಕದ ತೂಗಾಟ ಅಳೆಯಲು ಹುಡುಗರಿಗೆ ಕೊಡುವ ಸ್ಟಾಪ್‌ವಾಚು ತಂದೆ. ತಪ್ಪಿರಬಹುದೆಂದು ಮತ್ತೆ ಮತ್ತೆ ಅಳೆದೆ. ಓಂಕಾರಪ್ಪನ ಮಾತು ಮುಗಿದು ನನ್ನ ಮಾತು ಶುರುವಾಗುವ ನಡುವೆ ಹನ್ನೊಂದು ಸೆಕೆಂಡುಗಳಿವೆ.